ಕಾವೇರಿಯ ಮೀನು, ಕಡಲಾಚೆಯ ಗಾಳ



1994ರ ಜನವರಿಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಮುತ್ತತ್ತಿಗೆ ಪ್ರವಾಸ ಕರೆದೊಯ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಂಜನೇಯನ ದರ್ಶನ ಮುಗಿಸಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಉಂಡು, ಹೊಳೆಯ ದಂಡೆಯಲ್ಲಿ ಸ್ವಲ್ಪ ದೂರ ನಡೆದೆವು. ಅಲ್ಲಿನ ಸುಳಿಗಳಿಗೂ ಮೊಸಳೆಗಳಿಗೂ ಹೆದರಿ, ಯಾರೊಬ್ಬರೂ ನೀರಿಗೆ ಕಾಲಿಡಕೂಡದೆಂದು ನಾನು ಬೆತ್ತವಿಲ್ಲದಿದ್ದರೂ ಬೆತ್ತದ ದನಿಯಲ್ಲಿ ಕೂಗುತ್ತಿದ್ದೆ. ಒಂದು ತಿರುವಿನಲ್ಲಿ ಬಂಡೆಯ ಮೇಲೆ ಬಿಸಿಲಿಗೆ ಕೆಂಪೇರಿದ ಮುಖದ ಬಿಳಿಯನೊಬ್ಬ ಉದ್ದನೆಯ ಗಾಳದ ಕೋಲು ಹಿಡಿದು ನಿಂತಿದ್ದ. ಅವನ ಪಕ್ಕದಲ್ಲಿ ನಮ್ಮ ಕಡೆಯ ಹರಿಗೋಲಿನವನೊಬ್ಬ. ನಾವು ನೋಡುತ್ತಿದ್ದ ಹಾಗೆಯೇ ದಾರ ಬಿಗಿಯಿತು. ಮುಂದಿನ ಅರ್ಧ ಗಂಟೆ ನನ್ನ ಮಾತನ್ನು ಕೇಳುವವರು ಯಾರೂ ಇರಲಿಲ್ಲ.

ಮೀನು ದಡಕ್ಕೆ ಬಂತು. ತೂಗಿದರು. ಪುಸ್ತಕವೊಂದರಲ್ಲಿ ಏನೋ ಬರೆದುಕೊಂಡರು. ತಂದೆಯ ಕ್ಯಾಮರಾ ತಂದಿದ್ದ ನಿಮ್ಮಲ್ಲೊಬ್ಬ ಗೋಗರೆದದ್ದಕ್ಕೆ ಆ ಪುಣ್ಯಾತ್ಮ ಮೀನನ್ನು ತೋಳಲ್ಲಿಟ್ಟುಕೊಂಡು ನಿಮ್ಮೊಡನೆ ಚಿತ್ರಕ್ಕೂ ನಿಂತ. ಅನಂತರ ಮೊಣಕಾಲುದ್ದ ನೀರಿಗಿಳಿದು, ಅದು ಚೇತರಿಸಿಕೊಳ್ಳುವವರೆಗೆ ಎರಡೂ ಕೈಗಳಲ್ಲಿ ಹಿಡಿದಿದ್ದು, ಮೆಲ್ಲಗೆ ಬಿಟ್ಟುಬಿಟ್ಟ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಕೇಳಿದ: "ಸಾರ್, ಬಿಡೋದಾದ್ರೆ ಹಿಡಿಯೋದ್ಯಾಕೆ?"

ಪ್ರಶ್ನೆ ಚೆನ್ನಾಗಿತ್ತು. ನನ್ನ ಉತ್ತರ ಚೆನ್ನಾಗಿರಲಿಲ್ಲ. "ದುಡ್ಡು ಹೆಚ್ಚಾದವರ ಚಟ ಕಣಯ್ಯ" ಎಂದುಬಿಟ್ಟೆ. ಹರಿಗೋಲಿನವನಿಗೆ ಅದು ಕೇಳಿಸಿತು. "ಅಂಗನ್ಬೇಡಿ ಸಾ. ನಾವೂ ಮೊದ್ಲು ಮದ್ದಾಕಿ ಹಿಡೀತಿದ್ವಿ. ಈಗ ಈ ಮೀನಿಂದ್ಲೇ ನಮ್ಗೆ ಕೂಲಿ. ಇವು ಸತ್ತೋದ್ರೆ ಇವ್ರ್ ಯಾಕ್ ಬತ್ತಾರೆ ಇಲ್ಲಿಗೆ?" ಎಂದ. ನಾನು ಸುಮ್ಮನಾದೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ, ನಿವೃತ್ತಿಯ ಬಿಡುವಿನಲ್ಲಿ, ಬರೆಯುತ್ತಿದ್ದೇನೆ. ಉತ್ತರ ಕೊಂಚ ದೀರ್ಘವಾಗಿದೆ, ಸಹಿಸಿಕೊಳ್ಳಬೇಕು.

ಆ ಮೀನು ಮಹಶೀರ್. ಪಾರಸಿಯ 'ಮಾಹಿ' ಎಂದರೆ ಮೀನು, 'ಶೇರ್' ಎಂದರೆ ಹುಲಿ, ಎರಡೂ ಸೇರಿ ಮಹಶೀರ್ ಆಯಿತೆಂದು ಕೆಲವರು ಹೇಳುತ್ತಾರೆ. ಸಂಸ್ಕೃತದಿಂದ ಬಿಡಿಸುವವರೂ ಇದ್ದಾರೆ. ನಮ್ಮ ಜನಕ್ಕೆ ಅದು ಬಹುಮಟ್ಟಿಗೆ 'ದೇವರ ಮೀನು'. ಶೃಂಗೇರಿಯ ತುಂಗೆಯಲ್ಲಿ, ಅರಕಲಗೂಡು ಸೀಮೆಯ ರಾಮನಾಥಪುರದ ಕಾವೇರಿಯಲ್ಲಿ, ದಕ್ಷಿಣ ಕನ್ನಡದ ಶಿಶಿಲದ ಹೊಳೆಯಲ್ಲಿ ಪುರಿ, ಅಕ್ಕಿ ಎರಚಿದರೆ ಮೇಲೆದ್ದು ಬರುವ ಮೀನುಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಇವು ಆ ಕುಲಕ್ಕೆ ಸೇರಿದವು. ಕಾವೇರಿಯಲ್ಲಿದ್ದ ಬಗೆಯಾದರೋ ಇವುಗಳ ದೊಡ್ಡಣ್ಣ. ತಲೆಯ ಹಿಂದಿನಿಂದ ಗೂನಿನಂತೆ ಏರುವ ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ, ಅಂಗೈಯಗಲದ ಹುರುಪೆ. ರೆಕ್ಕೆಯ ಬಣ್ಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಳ ಹಾಕಿ ಮೀನು ಹಿಡಿಯುವುದನ್ನು ವಿನೋದವೆಂದು ಎಣಿಸಿದವರು ಇಂಗ್ಲಿಷರು ಎಂಬ ಭಾವನೆ ಸಾಮಾನ್ಯವಾಗಿದೆ. ಅವರು ತಲೆಯ ಮೇಲಿಟ್ಟುಕೊಳ್ಳುವ ಐಸಾಕ್ ವಾಲ್ಟನ್ನನ ಗ್ರಂಥ ಪ್ರಕಟವಾದದ್ದು 1653ರಲ್ಲಿ. ಅದಕ್ಕೂ ಐನೂರು ವರ್ಷ ಮೊದಲು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1127ರಿಂದ 1138) ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳಲ್ಲೊಂದಾಗಿ 'ಮತ್ಸ್ಯವಿನೋದ'ಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಯಾವ ಮೀನಿಗೆ ಯಾವ ಆಹಾರ ಎಂಬುದೆಲ್ಲ ಅಲ್ಲಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಕಡೆ ವಿಜ್ಞಾನಿಗಳ ಗಮನ ಸೆಳೆದರು. ನಾನು ಮೂವತ್ತು ವರ್ಷ ಚಾಲುಕ್ಯರ ಪಾಠ ಮಾಡಿದವನು. ಮಾನಸೋಲ್ಲಾಸ ಎಂಬ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆಸಿದವನು. ಅದರೊಳಗೆ ಮೀನಿದೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ! ಪಠ್ಯಪುಸ್ತಕದ ಸಾಲಿನಾಚೆಗೆ ಇಣುಕದ ಅಧ್ಯಾಪಕನಿಗೆ ಇದು ತಕ್ಕ ಶಾಸ್ತಿಯೇ.

ಇರಲಿ, ಕಡಲಾಚೆಯವರ ಕಥೆಗೆ ಬರೋಣ. ಇದು ಕೂಡ ನಮ್ಮ ಮಂಗಳೂರಿನಿಂದಲೇ ಆರಂಭವಾಗುತ್ತದೆ ಎಂಬುದು ಸೋಜಿಗ. ಹೆನ್ರಿ ಸಲಿವನ್ ಥಾಮಸ್ ಎಂಬಾತ ಮದರಾಸು ಸಿವಿಲ್ ಸರ್ವಿಸ್‌ಗೆ ಸೇರಿದವನು, ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದವನು. ಭಾರತದ ಹೊಳೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಮುಂದೆ ಲಂಡನ್ನಿನಲ್ಲಿ ಮತ್ತೆ ಮತ್ತೆ ಮುದ್ರಣ ಕಂಡಿತು. ತಮ್ಮ ನಾಡಿನ ಸಾಲ್ಮನ್ ಮೀನೇ ಜಗತ್ತಿನಲ್ಲಿ ಶ್ರೇಷ್ಠವೆಂದು ನಂಬಿದ್ದ ಇಂಗ್ಲಿಷರಿಗೆ, ಅದೇ ತೂಕದ ಮಹಶೀರಿನ ಮುಂದೆ ಸಾಲ್ಮನ್ ಸಪ್ಪೆ ಎಂದು ಹೇಳಿದವನು ಈತ. ಊರು ಬಿಟ್ಟು ಸಾವಿರಾರು ಮೈಲಿ ಬಂದು, ಭಾಷೆ ತಿಳಿಯದೆ, ಸೆಕೆಯಲ್ಲಿ ಬೇಯುತ್ತಿದ್ದ ತರುಣ ಅಧಿಕಾರಿಗಳಿಗೆ ಆ ಪುಸ್ತಕ ಎಷ್ಟು ಹಿತವಾಗಿದ್ದಿರಬೇಕೆಂದು ಊಹಿಸಬಹುದು.

ಥಾಮಸ್ ಬರಿಯ ಶೋಕಿಯವನಾಗಿರಲಿಲ್ಲ. ಹೊಳೆಗೆ ವಿಷದ ಕಾಯಿ ಅರೆದು ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಬಾಚುವುದು ಇತ್ಯಾದಿ ರೂಢಿಗಳಿಂದ ಮೀನಿನ ಸಂತತಿ ಅಳಿಯುತ್ತದೆಂದು ಸರಕಾರಕ್ಕೆ ಬರೆದವರಲ್ಲಿ ಅವನೂ ಒಬ್ಬ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಕೊಲ್ಲುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆ ಕೊನೆಗೆ 1897ರಲ್ಲಿ ಬಂತು. ಕಾಯಿದೆ ಬಂದು ನೂರು ವರ್ಷವಾಗಲು ಒಂದು ವರ್ಷ ಉಳಿದಿದ್ದಾಗ, 1996ರಲ್ಲಿ, ಶಿಶಿಲದ ದೇವಸ್ಥಾನದ ಮುಂದಿನ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ದೇವರ ಮೀನುಗಳನ್ನು ಕೊಂದರು. ಊರಿನವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿದ ಬೇರೆ ಊರನ್ನು ನಾನಂತೂ ಕಂಡಿಲ್ಲ.

ಥಾಮಸನ ಬಳಿಕ ಕಾವೇರಿ, ಕಬಿನಿಗಳಿಗೆ ಬಿಳಿಯರ ಯಾತ್ರೆಯೇ ನಡೆಯಿತೆನ್ನಬಹುದು. ದೊಡ್ಡ ಮೀನಿನ ದಾಖಲೆಗಳು ಇಂದಿಗೂ ಉಳಿದಿವೆ. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಎಂಬಾತ ಕಾವೇರಿಯಲ್ಲಿ ಹಿಡಿದ ಮೀನು 119 ಪೌಂಡು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು. ಮೈಸೂರಿನವರಿಗೆ ಈ ಮನೆತನವನ್ನು ಪರಿಚಯಿಸಬೇಕಾಗಿಲ್ಲ. ರಾಜಮಹಾರಾಜರು ಹೊಡೆದ ಹುಲಿ ಚಿರತೆಗಳಿಗೆ ಒಳಗೆ ತುಂಬಿ ಜೀವಂತ ಕಳೆ ತರುತ್ತಿದ್ದ ಜಗತ್ಪ್ರಸಿದ್ಧ ಕುಶಲಿಗರು ಅವರು. 120 ಪೌಂಡು ಎಂದರೆ 54 ಕಿಲೋ ಚಿಲ್ಲರೆ. ನನ್ನ ಹತ್ತನೆಯ ತರಗತಿಯ ಹುಡುಗರಲ್ಲಿ ಅರ್ಧಕ್ಕರ್ಧ ಅಷ್ಟು ತೂಗುತ್ತಿರಲಿಲ್ಲ. ಗಾಳದಿಂದ ಹಿಡಿದ ಮಹಶೀರಿನ ದಾಖಲೆಗಳಲ್ಲಿ ಅದು ಬಹು ದೊಡ್ಡದು.

ಸ್ವಾತಂತ್ರ್ಯ ಬಂತು, ದೊರೆಗಳು ಹೋದರು, ಮೀನನ್ನು ತೂಗಿ ಬರೆದಿಡುವವರೂ ಹೋದರು. ನದಿಯೂ ಅಷ್ಟರೊಳಗೆ ಬದಲಾಗಿತ್ತು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸದ ಆರಂಭ, ಕೆಳಗೆ ತಮಿಳು ಸೀಮೆಯಲ್ಲಿ 1934ರಲ್ಲಿ ಮೆಟ್ಟೂರು ಅಣೆಕಟ್ಟು. 1974ರಲ್ಲಿ ಕಬಿನಿಗೂ ಕಟ್ಟೆ ಬಂತು. ಈ ಕಟ್ಟೆಗಳ ಅನ್ನ ಉಂಡವರು ನಾವು, ಅವನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಮಳೆಗಾಲದ ಹೊಸನೀರಿಗೆ ಎದುರೇರಿ ಹೋಗಿ ಮೊಟ್ಟೆಯಿಡುವ ಮೀನಿಗೆ ಕಟ್ಟೆ ಎಂದರೆ ದಾರಿ ಮುಚ್ಚಿದ ಹಾಗೆ. ಶಿವನಸಮುದ್ರಕ್ಕೂ ಮೆಟ್ಟೂರಿಗೂ ನಡುವೆ ಕಾಡಿನ ಕಣಿವೆಯಲ್ಲಿ ಹರಿಯುವ ತುಂಡು ಮಾತ್ರ ಅದಕ್ಕೆ ಉಳಿದ ದೊಡ್ಡ ಮನೆ. ಅಲ್ಲಿಯೂ ಸಿಡಿಮದ್ದಿನ ಹಾವಳಿ. ಕಾವೇರಿಯ ದೈತ್ಯ ಮೀನು ಮುಗಿದೇಹೋಯಿತೆಂದು ಇಂಗ್ಲೆಂಡಿನವರು ನಂಬಿದ್ದರು.

1977ರಲ್ಲಿ ಅಲ್ಲಿಂದ ಮೂವರು ಗಾಳಗಾರರು ಹೊರಟು ಬಂದರು. ತಮ್ಮನ್ನು ತಾವು ಜಗತ್ತು ಸುತ್ತುವ ಮೀನುಗಾರ ತಂಡವೆಂದು ಕರೆದುಕೊಂಡಿದ್ದ ಅವರು ಹಳೆಯ ಪುಸ್ತಕಗಳಲ್ಲಿ ಓದಿದ್ದ ಮೀನನ್ನು ಹುಡುಕುತ್ತಾ ಕಾವೇರಿಯ ದಡ ಸೇರಿದರು. 1978ರ ಹೊತ್ತಿಗೆ ತೊಂಬತ್ತು ಪೌಂಡಿಗೂ ಮೀರಿದ ಮೀನನ್ನು ಕಂಡರು. ಸುದ್ದಿ ಹರಡಿತು. ಆಮೇಲೆ ವರ್ಷ ವರ್ಷವೂ ಚಳಿಗಾಲ ಕಳೆದು ನೀರು ತಿಳಿಯಾದೊಡನೆ ಯುರೋಪಿನಿಂದ ಗಾಳಗಾರರು ಬರತೊಡಗಿದರು. ಅವರಲ್ಲಿ ಒಬ್ಬನ ಹೆಸರನ್ನು ಹೇಳಲೇಬೇಕು: ಜೆರೆಮಿ ವೇಡ್. ದೂರದರ್ಶಕದಲ್ಲಿ 2009ರಿಂದ 2017ರವರೆಗೆ ಬಂದ 'ರಿವರ್ ಮಾನ್‌ಸ್ಟರ್ಸ್' ಎಂಬ ಸರಣಿಯ ಆ ಬೆಳ್ಳಿಗೂದಲ ಮನುಷ್ಯ. ಮೂಲತಃ ಜೀವಶಾಸ್ತ್ರದ ಅಧ್ಯಾಪಕ. ಅವನು ಮೊಟ್ಟಮೊದಲು ಪರದೇಶಕ್ಕೆ ಗಾಳ ಹೊತ್ತು ಹೊರಟದ್ದು 1982ರಲ್ಲಿ, ಭಾರತಕ್ಕೆ, ಈ ಮಹಶೀರಿಗಾಗಿ. ಮೇಷ್ಟರ ಸಂಬಳದಲ್ಲಿ ಸಮುದ್ರ ದಾಟಿ ಮೀನು ಹಿಡಿಯುವ ಧೈರ್ಯ ನಮ್ಮಲ್ಲಿ ಯಾರಿಗಾದರೂ ಬಂದೀತೆ? ನಮ್ಮದು ಎಲ್‌.ಟಿ.ಸಿ.ಯಲ್ಲಿ ಕಾಶಿಯವರೆಗೆ.

ಬಂದವರ ಬೇಟೆಯ ಬಗೆ ಕೇಳಿದರೆ ನಗು ಬರುತ್ತದೆ. ಸಾವಿರಾರು ರೂಪಾಯಿ ಬೆಲೆಯ ಕೋಲು, ರಾಟೆ, ಉಕ್ಕಿನಂಥ ಗಾಳ, ಇಷ್ಟೆಲ್ಲದರ ತುದಿಗೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿಮುದ್ದೆ! ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ಘಮಕ್ಕೆ ಮಸಾಲೆ ಬೆರೆಸಿ, ಉಂಡೆ ಕಟ್ಟಿ ಗಾಳದ ಸುತ್ತ ಮೆತ್ತುವುದು. ರಭಸದ ನೀರು ಮಡುವಿಗೆ ಇಳಿಯುವ ಕಡೆ ಎಸೆದು ಕಾಯುವುದು. ಮುದ್ದೆ ನುಂಗಿದ ಮೀನು ಬಂಡೆಗಳ ನಡುವೆ ನುಗ್ಗಿದರೆ ದಾರ ಕಡಿದಂತೆಯೇ ಸರಿ. ಆಗ ಹರಿಗೋಲಿನಲ್ಲಿ ಕುಳಿತು ಅದರ ಬೆನ್ನು ಹತ್ತಬೇಕು. ಆ ಕೆಲಸವೆಲ್ಲ ದಡದ ಹಳ್ಳಿಗಳವರದು. ಮಡು ಎಲ್ಲಿ, ಬಂಡೆ ಎಲ್ಲಿ, ಮುದ್ದೆ ಎಷ್ಟು ಗಟ್ಟಿಯಿರಬೇಕು ಎಂಬ ವಿದ್ಯೆ ಅವರಲ್ಲಿತ್ತು. ನಿನ್ನೆ ಮದ್ದು ಹಾಕುತ್ತಿದ್ದವನೇ ಇಂದು ಕಾವಲುಗಾರನಾದ.

ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘದವರು ನದಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾವಲಿಟ್ಟರು. ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದು, ಜೀವಂತ ಬಿಡಬೇಕೆಂಬುದು ನಿಯಮವಾಯಿತು. ನಾವು 1994ರಲ್ಲಿ ಕಂಡದ್ದು ಇದನ್ನೇ. 1987ರಲ್ಲೇ ಆ ಕಾಡು ಕಾವೇರಿ ವನ್ಯಜೀವಿಧಾಮವಾಗಿತ್ತು. ಅಭಯಾರಣ್ಯದೊಳಗೆ ಗಾಳ ಹಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅರ್ಥದಲ್ಲಿ ಬೇಟೆಯೇ ಎಂಬ ನಿಲುವು ಕ್ರಮೇಣ ಬಲವಾಗಿ, 2012ರ ಹೊತ್ತಿಗೆ ಅದು ನಿಂತುಹೋಯಿತು. ಕಾಯಿದೆಯ ದೃಷ್ಟಿಯಿಂದ ಇದು ಸರಿಯೇ. ಬಾಯಿಗೆ ಗಾಳ ಚುಚ್ಚಿಸಿಕೊಂಡ ಮೀನಿಗೆ ನೋವಾಗುವುದಿಲ್ಲವೆಂದು ವಾದಿಸುವವರ ಜೊತೆ ನಾನಿಲ್ಲ. ಆದರೆ ಗಾಳ ನಿಂತಾಗ ಹರಿಗೋಲಿನವರ ಕೂಲಿಯೂ ನಿಂತಿತು, ದಡದ ಮೇಲಿದ್ದ ಕಣ್ಣುಗಳೂ ಕಡಿಮೆಯಾದವು.

ಇನ್ನು ಈ ಕಥೆಯ ಮುಖ್ಯ ಭಾಗ.

ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್ ಎಂಬ ಇಂಗ್ಲಿಷ್ ವಿಜ್ಞಾನಿ ಮತ್ತು ಕೇರಳದ ರಾಜೀವ್ ರಾಘವನ್ ಮೊದಲಾದವರು ಬಿಚ್ಚಿ ನೋಡಿದರು. ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಮೀರಿದ ಮೀನು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೊದಲ ನೋಟಕ್ಕೆ ಕಾಣುವುದು ಶುಭವಾರ್ತೆ: ವರ್ಷದಿಂದ ವರ್ಷಕ್ಕೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಹೋಗಿದೆ! ಕಾವಲು ಫಲಿಸಿತು, ಮಹಶೀರ್ ಉಳಿಯಿತು ಎಂದು ಯಾರಾದರೂ ಹಿಗ್ಗಬೇಕಾದದ್ದೇ. ಆದರೆ ಸರಾಸರಿ ತೂಕ ಇಳಿದಿತ್ತು. ಗಾಳಗಾರರು ಮೀನಿನ ಬಗೆಯನ್ನೂ ಗುರುತು ಹಾಕಿದ್ದರು. ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮೀನು. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ದೊಡ್ಡಣ್ಣ ಆರಂಭದಲ್ಲಿ ನಾಲ್ಕಾರಕ್ಕೆ ಒಂದರಂತೆ ಸಿಗುತ್ತಿದ್ದವನು, ಕೊನೆಯ ಹೊತ್ತಿಗೆ ಇನ್ನೂರಕ್ಕೆ ಒಂದು ಎಂಬಷ್ಟಕ್ಕೆ ಬಂದಿದ್ದ.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದರ ಶಾಸ್ತ್ರೀಯ ನಾಮ ಟಾರ್ ಖುದ್ರೀ. ಕೃಷ್ಣೆಗೆ ಸೇರುವ ಪುಣೆ ಕಡೆಯ ಹೊಳೆಗಳ ಮೀನಿಗೆ ಕರ್ನಲ್ ಸೈಕ್ಸ್ 1839ರಲ್ಲಿ ಕೊಟ್ಟ ಹೆಸರು ಅದು. ಮಹಶೀರ್ ಅಳಿಯುತ್ತಿದೆಯೆಂಬ ಕಳವಳದಿಂದ ಟಾಟಾ ವಿದ್ಯುತ್ ಸಂಸ್ಥೆಯವರು ಎಪ್ಪತ್ತರ ದಶಕದಲ್ಲಿ ಲೋಣಾವಳದಲ್ಲಿ ಅದರ ಮರಿ ಮಾಡಿಸುವ ವಿದ್ಯೆ ಸಾಧಿಸಿ, ಲಕ್ಷಗಟ್ಟಲೆ ಮರಿಗಳನ್ನು ದೇಶದ ನಾನಾ ನದಿಗಳಿಗೆ ಹಂಚಿದರು. ಕಾವೇರಿಗೂ ಬಿಟ್ಟರು. ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಮಹಶೀರ್ ಎಂದರೆ ಮಹಶೀರ್ ಎಂದು ಎಲ್ಲರೂ ತಿಳಿದಿದ್ದ ಕಾಲ ಅದು. ಮನೆಯಲ್ಲಿ ಅಣ್ಣ ಕ್ಷೀಣಿಸುತ್ತಿದ್ದಾನೆಂದು ದಾಯಾದಿಯ ಮಕ್ಕಳನ್ನು ತಂದು ತುಂಬಿದ ಹಾಗಾಯಿತು.

ಎಲ್ಲಕ್ಕಿಂತ ವಿಚಿತ್ರವಾದದ್ದು ಮುಂದಿದೆ. ನೂರೈವತ್ತು ವರ್ಷ ಹಿಡಿದು, ತೂಗಿ, ಚಿತ್ರ ತೆಗೆದ ಈ ದೊಡ್ಡಣ್ಣನಿಗೆ ವಿಜ್ಞಾನದಲ್ಲಿ ಸ್ವಂತ ಹೆಸರೇ ಇರಲಿಲ್ಲ. ಕಾಪಾಡಬೇಕಾದ ಜೀವಿಗಳ ಪಟ್ಟಿಗೆ ಸೇರಿಸಬೇಕಾದರೆ ಹೆಸರು ಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ಶಾಲೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೇರಳದ ಚಿನ್ನಾರ್ ಕಾಡಿನ ಪಾಂಬಾರ್ ಎಂಬ ಸಣ್ಣ ಹೊಳೆಯಿಂದ (ಅದೂ ಸುತ್ತಿ ಬಳಸಿ ಕಾವೇರಿಗೇ ಸೇರುತ್ತದೆ) ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು 2007ರಲ್ಲಿ ಒಂದು ಹೊಸ ಮಹಶೀರನ್ನು ವರ್ಣಿಸಿ, ಪ್ರಾಣಿ ಸರ್ವೇಕ್ಷಣೆಯ ಮತ್ಸ್ಯವಿಜ್ಞಾನಿ ರೇಮಾ ದೇವಿಯವರ ಗೌರವಾರ್ಥ ಟಾರ್ ರೇಮಾದೇವಿ ಎಂದು ಹೆಸರಿಟ್ಟಿದ್ದರು. ಅವರ ಕೈಗೆ ಸಿಕ್ಕವು ಚಿಕ್ಕ ಮೀನುಗಳು. ಅವು ಕಾವೇರಿಯ ದೈತ್ಯನ ಬಳಗವೆಂದು ಆಗ ಯಾರಿಗೂ ಹೊಳೆಯಲಿಲ್ಲ. ನೀಲಗಿರಿಯಿಂದ ಇಳಿದು ಭವಾನಿಯ ಮೂಲಕ ಕಾವೇರಿ ಸೇರುವ ಮೋಯಾರ್ ಹೊಳೆಯಲ್ಲಿ ಪಿಂಡರ್ ಮತ್ತು ಸಂಗಡಿಗರಿಗೆ ಗೂನುಬೆನ್ನಿನ ಮೀನುಗಳು ಸಿಕ್ಕವು. ಎರಡನ್ನೂ ಹೋಲಿಸಿ, ಎರಡೂ ಒಂದೇ ಎಂದು ಅವರು 2018ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು 'ತೀವ್ರ ಅಪಾಯದಲ್ಲಿರುವ' ಜೀವಿಯೆಂದು ಸೇರ್ಪಡೆಯಾಯಿತು. ಹೆಸರೂ ರೋಗಪತ್ರವೂ ಒಟ್ಟಿಗೇ ಬಂದವು.

ಅಯ್ಯಾ ಹಿಂದಿನ ಸಾಲಿನ ಹುಡುಗನೇ, ನೀನೀಗ ಹುಡುಗನಲ್ಲ, ನಿನಗೂ ಮಕ್ಕಳಿರಬೇಕು. ಬಿಡುವುದಾದರೆ ಹಿಡಿಯುವುದೇಕೆ ಎಂದು ಕೇಳಿದೆಯಲ್ಲ. ಹಿಡಿದವರ ಮನಸ್ಸಿನಲ್ಲಿ ಇದ್ದದ್ದು ಬರಿಯ ಸಂತೋಷವೇ ಇರಬಹುದು, ನನ್ನ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಅವರು ಹಿಡಿದು, ಬರೆದು, ಬಿಟ್ಟಿದ್ದರಿಂದ ಒಂದು ಮೀನು ಇಲ್ಲವಾಗುತ್ತಿದ್ದದ್ದು ಲೆಕ್ಕಕ್ಕೆ ಸಿಕ್ಕಿತು. ನಾವು ಪುರಿ ಎರಚಿ ಕೈಮುಗಿದು ಬಂದವರು ಯಾರೂ ಎಣಿಸಿರಲಿಲ್ಲ, ರೆಕ್ಕೆಯ ಬಣ್ಣ ನೋಡಿರಲಿಲ್ಲ. ನಾನೂ ನೋಡಲಿಲ್ಲ. ಅಂದು ಅರ್ಧ ಗಂಟೆ ಅದರ ಮುಂದೆಯೇ ನಿಂತಿದ್ದೆ. ಮೀನು ಉದ್ದವಾಗಿತ್ತು, ಹೊಳೆಯುತ್ತಿತ್ತು ಎಂಬುದಷ್ಟೇ ನೆನಪು. ಬೆನ್ನು ಗೂನಾಗಿತ್ತೇ, ರೆಕ್ಕೆ ಕಿತ್ತಳೆಯೇ ನೀಲಿಯೇ, ಎಷ್ಟು ಯೋಚಿಸಿದರೂ ಕಣ್ಣಿಗೆ ಬರುತ್ತಿಲ್ಲ.

ಆ ದಿನದ ಬಣ್ಣದ ಚಿತ್ರ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದೀತು. ಕ್ಯಾಮರಾ ತಂದಿದ್ದವನ ಹೆಸರು ನನಗೆ ಮರೆತಿದೆ, ಕ್ಷಮೆಯಿರಲಿ. ಸಿಕ್ಕರೆ ಮೀನಿನ ರೆಕ್ಕೆಯ ಬಣ್ಣ ನೋಡಿ ನನಗೆ ತಿಳಿಸಿ. ಚಿತ್ರ ಮಾಸಿದ್ದರೂ ಚಿಂತೆಯಿಲ್ಲ, ಹಾಗೆಯೇ ಕಳುಹಿಸಿ.